ಮೇರಿಯಮ್ಮನ ಚೌಕಳಿ ಸೀರೆ

“ತಡೀರಿ, ಆಕಿ ನಮ್ಮವ್ವ!”

ಬಾಗಿಲಲ್ಲಿ ನಿಂತ ಅಜ್ಜಿಯೊಬ್ಬರ ಕೂಗಿಗೆ, ಸುಣ್ಣ ಬಳಿಯುತ್ತಿದ್ದವರ ಕೈ ನಿಂತಿತು. ನಾನು ಪಾಠ ಹೇಳುವುದು ಮಕ್ತಲ್ ಕಡೆಯ ಹಳ್ಳಿಯೊಂದರಲ್ಲಿ, ನಿಜಾಮರ ಕಾಲದಲ್ಲಿ ಪಾದ್ರಿಗಳು ಕಟ್ಟಿಸಿದ ಶಾಲೆಯಲ್ಲಿ. ಅದರ ಪ್ರಾರ್ಥನಾ ಮಂದಿರದ ಕಮಾನಿನ ಕೆಳಗೆ, ಗೋಡೆಯ ಮೇಲೆ ಬರೆದ, ಮಗುವನ್ನೆತ್ತಿಕೊಂಡ ಮೇರಿಯಮ್ಮನ ಮಾಸಿದ ಚಿತ್ರವಿದೆ. ಅವಳು ಉಟ್ಟಿರುವುದು ನಾರಾಯಣಪೇಟೆಯ ಚೌಕಳಿ ಸೀರೆ.

“ಅವ್ವ ಇಲ್ಲೇ ಅಡಿಗಿ ಮಾಡ್ತಿದ್ಲು. ಪಾದ್ರಿ ಆಕಿನ್ನ ಕುಂದರ್ಸಿ, ನೋಡಿ ಈ ಚಿತ್ರ ಬರದಾರ. ಆ ಕೂಸು ನಾನೇ ರೀ, ಅಪ್ಪ ಹೇಳ್ತಿದ್ದ. ನನಗ ಬುದ್ಧಿ ಬರೂ ಮುಂಚೇನೇ ಹೋದ್ಲು. ಆಕಿದು ಒಂದು ಫೋಟೋ ಸೈತ ಇಲ್ಲ.”

ಅಜ್ಜಿ ಹತ್ತಿರ ಹೋಗಿ ಚಿತ್ರದ ಕೆನ್ನೆ ಸವರಿದರು.

ಆ ಗೋಡೆಗೆ ಸುಣ್ಣ ಹಚ್ಚಿಸಲಿಲ್ಲ. ಅಜ್ಜಿ ಈಗ ಆಗಾಗ ಬಂದು, ತಮಗಿಂತ ಎಷ್ಟೋ ಚಿಕ್ಕವಳಾಗಿಯೇ ಉಳಿದ ತಾಯಿಯ ಎದುರು ಕೂರುತ್ತಾರೆ. ನಾನು ಮೆಲ್ಲಗೆ ಬಾಗಿಲು ಮುಂದೆ ಮಾಡಿ ಹೊರಬರುತ್ತೇನೆ.