ಮಡಚಿದ ಮೂಲೆಗಳು

ಶಿವಾಜಿನಗರದ ಸೂಟು ಹೊಲಿಯುವ ಅಂಗಡಿಯೊಂದರಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತಿದ್ದೆ. ಗಿರಾಕಿಗಳ ಅಳತೆಯೆಲ್ಲ ಕಟಿಂಗ್ ಮಾಸ್ಟರರ ದಪ್ಪ ಪುಸ್ತಕಗಳಲ್ಲಿತ್ತು, ಒಬ್ಬೊಬ್ಬರಿಗೆ ಒಂದೊಂದು ಪುಟ. ಇಂದಿರಾನಗರದಲ್ಲಿ ಎರಡನೇ ಅಂಗಡಿ ತೆರೆದ ಮೇಲೆ ಅಳತೆ ಕೇಳಿಕೊಂಡು ದಿನವಿಡೀ ಫೋನು ಬರತೊಡಗಿತು. ಎಲ್ಲವನ್ನೂ ಕ್ಲೌಡ್ ಸಾಫ್ಟ್‌ವೇರಿಗೆ ಹಾಕೋಣ ಎಂದು ಮಾಲೀಕರ ತಲೆ ತಿಂದವನು ನಾನೇ. ಎರಡೂ ಕಡೆ ಅಳತೆ ಸಿಗುತ್ತದೆ, ಹಬ್ಬ ಬಂದರೆ ಗಿರಾಕಿಗಳಿಗೆ ತಾನಾಗಿಯೇ ಮೆಸೇಜು ಹೋಗುತ್ತದೆ ಎಂದೆಲ್ಲ ಕೊಚ್ಚಿಕೊಂಡೆ. ಅದೇನೂ ಸುಳ್ಳಾಗಲಿಲ್ಲ, ಫೋನು ನಿಂತಿತು.

ಸಾಫ್ಟ್‌ವೇರಿಗೆ ಹಾಕಲೆಂದು ಪುಟಗಳ ಫೋಟೊ ತೆಗೆಯುವಾಗ ನೋಡಿದರೆ, ಕೆಲವು ಪುಟಗಳ ಮೇಲಿನ ಮೂಲೆ ಮಡಚಿತ್ತು. ಹಳೇ ಪುಸ್ತಕ, ಕೈಯಾಡಿ ಹೀಗಾಗಿದೆ ಎಂದುಕೊಂಡು ಉಗುರಿನಿಂದ ನೀವಿ ನೀವಿ ಬಿಡಿಸಿದೆ. ಮಾಸ್ಟರು ನಾಲ್ಕು ಹೆಜ್ಜೆ ದೂರದಲ್ಲೇ ಬಟ್ಟೆ ಕತ್ತರಿಸುತ್ತಿದ್ದರು. ಒಂದು ಮಾತು ಕೇಳಬಹುದಿತ್ತು. ಮೊಬೈಲಿನಲ್ಲಿ ನಂಬರು ಸೇವ್ ಮಾಡಲೂ ಬಾರದ ಮುದುಕರನ್ನು ಏನು ಕೇಳುವುದು ಎಂಬ ಕೊಬ್ಬು ನನಗೆ.

ಡಿಸೆಂಬರಿನಲ್ಲಿ ಕಾಕ್ಸ್‌ಟೌನಿನಿಂದ ವಯಸ್ಸಾದ ಹೆಂಗಸೊಬ್ಬರು ಬಂದು, ತಮ್ಮ ಗಂಡನ ಫೋನನ್ನು ಮಾಸ್ಟರರ ಮುಂದೆ ಹಿಡಿದರು.

“ನೋಡಿ ಮಾಸ್ಟರ್, ಕ್ರಿಸ್‌ಮಸ್‌ಗೆ ಹೊಸ ಸೂಟ್ ಹೊಲಿಸ್ಕೊಳ್ಳಿ ಅಂತ ಇವರಿಗೆ ಮೆಸೇಜ್ ಕಳ್ಸಿದೀರಿ. ಶವಪೆಟ್ಟಿಗೇಲಿ ಮಲಗಿಸ್ದಾಗ ಇವರಿಗೆ ಹಾಕಿದ್ದೂ ನೀವೇ ಹೊಲಿದ ಸೂಟ್ ಅಲ್ವಾ? ಮರ್ತ್‌ಬಿಟ್ರಾ?”

ಮಾಸ್ಟರು ಪುಸ್ತಕ ತೆಗೆದು ಆ ಪುಟ ಹುಡುಕಿದರು. ಮೂಲೆಯಲ್ಲಿ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಅದರ ಮೇಲೆ ಬೆರಳಾಡಿಸಿದರು.

“ತಪ್ಪು ನಂದೇ ಅಮ್ಮ. ತೀರಿಕೊಂಡೋರ ಪುಟದ ಮೂಲೆ ಮಡಚಿಡ್ತೀನಿ. ಸಾಹೇಬ್ರದು ಮಡಚೋಕೆ ಮರ್ತೆ. ವಯಸ್ಸಾಯ್ತು, ಮಾಫ್ ಮಾಡಿ.”

ನಾನು ಕಂಪ್ಯೂಟರ್ ನೋಡುತ್ತ ಕೂತೆ. ಆಕೆ ಮಾಸ್ಟರರನ್ನು ನೋಡಿದ ನೋಟ ನನಗೆ ಸಲ್ಲಬೇಕಾದದ್ದು. ಆಕೆ ಬಾಗಿಲು ದಾಟುವವರೆಗೂ ನಿಜ ಹೇಳಲು ಸಮಯವಿತ್ತು, ನಾನು ಏಳಲಿಲ್ಲ.

ಮರುದಿನ ಪುಸ್ತಕಗಳನ್ನು ತೆರೆದರೆ, ನಾನು ಬಿಡಿಸಿದ್ದ ಮೂಲೆಗಳೆಲ್ಲ ಮತ್ತೆ ಮಡಚಿದ್ದವು. ಅವನ್ನು ನೋಡಿಕೊಂಡು ಒಂದೊಂದೇ ಹೆಸರನ್ನು ಮೆಸೇಜು ಹೋಗುವ ಪಟ್ಟಿಯಿಂದ ತೆಗೆದೆ. ಮಾಸ್ಟರು ಎಂದಿನಂತೆ ನನಗೂ ಚಹಾ ತರಿಸಿದರು. ಯಾರು ಬಿಡಿಸಿದ್ದೆಂದು ಅವರು ಕೊನೆಗೂ ಕೇಳಲಿಲ್ಲ. ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಮಾತ್ರ ಬರುವುದಿಲ್ಲ.