ವಾಪಸ್ ಬಾರದ ಹೊಲಿಗೆ

ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಟೇಪಣ್ಣ ಎಂದೇ. ಅಳತೆಯ ಟೇಪು ಆ ಕೊರಳಿನಿಂದ ಇಳಿಯುತ್ತಿದ್ದದ್ದು ಸ್ನಾನಕ್ಕೆ ಮಾತ್ರ, ಅದೂ ಹೆಂಡತಿ ಕೂಗಾಡಿದರೆ. ಆತನ ದರ್ಜಿ ಅಂಗಡಿಯ ಗೋಡೆಯ ಮೇಲೆ ಮೂವತ್ತು ವರ್ಷಗಳಿಂದ ಒಂದು ಬೋರ್ಡು ರಾರಾಜಿಸುತ್ತಿತ್ತು: ‘ಇಲ್ಲಿ ಹೊಲಿದದ್ದು ವಾಪಸ್ ಬರುವುದಿಲ್ಲ.’ ಬರುತ್ತಿರಲಿಲ್ಲವೇ? ಧಾರಾಳವಾಗಿ ಬರುತ್ತಿತ್ತು. ತಂದವರೇ ದಪ್ಪಗಾಗಿದ್ದಾರೆಂದು ಸಾಬೀತುಪಡಿಸಿ ಸಾಗಹಾಕುತ್ತಿದ್ದ.

ಇಂಥ ಮಹಾಶೂರನ ದೊಡ್ಡ ಕರುಳಿನಲ್ಲೇ ಕ್ಯಾನ್ಸರ್ ಗಡ್ಡೆ ಬೆಳೆಯುವ ಧೈರ್ಯ ಮಾಡಿತು. ಆಪರೇಷನ್ ಆಯಿತು. ಮೊದಲ ಸಲ ಬ್ಯಾಂಡೇಜು ಬಿಚ್ಚಿದಾಗ ಆತ ಹೊಟ್ಟೆ ನೋಡಿಕೊಂಡು, “ಯಾರಪ್ಪಾ ಇದು, ಗೋಣಿಚೀಲ ಹೊಲಿಯೋರಾ?” ಎಂದ.

ಹತ್ತನೆಯ ದಿನ ಡಾಕ್ಟರಮ್ಮ ರಿಪೋರ್ಟ್ ಹಿಡಿದು ಬಂದರು. “ಗಡ್ಡೆ ಪೂರ್ತಿ ತೆಗೆದಿದ್ದೀವಿ. ಮಾರ್ಜಿನ್ ಕ್ಲೀನ್ ಆಗಿದೆ.”

ಟೇಪಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ದರ್ಜಿಗೆ ಮಾರ್ಜಿನ್ ಎಂದರೆ ಮುಂದೆ ಸಡಿಲಿಸಲಿಕ್ಕೆಂದು ಹೊಲಿಗೆಯೊಳಗೆ ಮಡಚಿಡುವ ಬಟ್ಟೆ.

“ಮಾರ್ಜಿನ್ನೇ ಬಿಟ್ಟಿಲ್ವಾ? ನಾಳೆ ಬಿಚ್ಚಬೇಕಾದ್ರೆ?”

“ಕತ್ತರಿಸಿದ ಅಂಚಲ್ಲಿ ಕ್ಯಾನ್ಸರ್ ಇಲ್ಲ ಅಂತ ಅರ್ಥ ಕಣ್ರೀ. ಆದ್ರೆ ಪಕ್ಕದ ಎರಡು ಗ್ರಂಥಿಗಳಲ್ಲಿತ್ತು. ಕಣ್ಣಿಗೆ ಕಾಣದ್ದು ಎಲ್ಲಾದ್ರೂ ಉಳಿದಿರಬಹುದು. ಆರು ತಿಂಗಳು ಕೀಮೋ ತಗೊಳ್ಳಿ.”

“ತಗೊಂಡ್ರೆ ವಾಪಸ್ ಬರಲ್ಲ ಅಂತ ಗ್ಯಾರಂಟೀನಾ?”

“ಗ್ಯಾರಂಟಿ ಇಲ್ಲ. ಬರೋ ಸಾಧ್ಯತೆ ಕಡಿಮೆಯಾಗುತ್ತೆ. ಬೆರಳು ಮಾತ್ರ ಜೋಮು ಹಿಡೀಬಹುದು.”

ಟೇಪಣ್ಣ ಆಸ್ಪತ್ರೆಯಿಂದ ಬಂದವನೇ ಅಂಗಡಿಯಲ್ಲಿ ದರ್ಬಾರು ನಡೆಸಿದ. ಗ್ಯಾರಂಟಿ ಕೊಡಲಾಗದ ಕಸುಬೂ ಒಂದು ಕಸುಬೇ, ಹೊಲಿದಾದ ಮೇಲೆ ಆರು ತಿಂಗಳು ವಿಷ ಸುರಿಯುವ ದರ್ಜಿಯನ್ನು ಯಾರಾದರೂ ಕಂಡಿದ್ದೀರಾ ಎಂದು ಬಂದ ಗಿರಾಕಿಗಳಿಗೆಲ್ಲ ಭಾಷಣ ಬಿಗಿದ. ಜೋಮಿನ ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ಸೂಜಿಗೆ ದಾರ ಪೋಣಿಸಿ, ತೆಗೆದು, ಮತ್ತೆ ಪೋಣಿಸುತ್ತಿದ್ದ.

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಇದನ್ನು ವಾರವಿಡೀ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಆಯಸ್ಕಾಂತವನ್ನು ಎತ್ತಿ ಆತನ ಮುಂದೆ ಕುಕ್ಕಿದಳು.

“ಹೊಲಿದಾದ ಮೇಲೆ ಬಟ್ಟೆ ಮೇಲೆಲ್ಲ ಇದನ್ನ ಯಾಕ್ರೀ ಆಡಿಸ್ತೀರಾ?”

“ಗುಂಡುಸೂಜಿ ಉಳಿದಿದ್ರೆ ಗಿರಾಕಿಗೆ ಚುಚ್ಚಲ್ವೇನೇ?”

“ದಿನಾ ಉಳಿದಿರುತ್ತಾ?”

“ಇಲ್ಲ.”

“ಎಲ್ಲಾ ಸಿಕ್ಕೇಬಿಡುತ್ತಾ?”

“ಅದೂ... ಇಲ್ಲ.”

“ಹಾಗಾದ್ರೆ ತಿಪ್ಪೆಗೆ ಎಸೀಲಾ ಇದನ್ನ?”

ಮೂವತ್ತು ವರ್ಷ ಗಿರಾಕಿಗಳ ಬಾಯಿ ಮುಚ್ಚಿಸಿದವನು ಆಯಸ್ಕಾಂತವನ್ನು ಬೇಗನೆ ತನ್ನ ಕಡೆಗೆ ಎಳೆದುಕೊಂಡ. ಕೊನೆಗೆ ಆತ ಸಣ್ಣ ದನಿಯಲ್ಲಿ ಕೇಳಿದ: “ಬೆರಳು ಹೋದ್ರೆ ನಾನ್ಯಾವ ಟೇಪಣ್ಣನೇ?”

“ದಾರ ನಾನು ಪೋಣಿಸ್ತೀನಿ. ನೀವಿರಿ, ಸಾಕು.”

ಆರು ತಿಂಗಳ ಕೀಮೋ ಮುಗಿಯಿತು. ಬೆರಳ ತುದಿಗಳು ನಿಜಕ್ಕೂ ಮರಗಟ್ಟಿದವು. ಕೈಯಲ್ಲಿರುವುದು ರೇಷ್ಮೆಯೋ ಗೋಣಿಯೋ ತಿಳಿಯದೆ ದರ್ಜಿಕುಲತಿಲಕರು ಬಟ್ಟೆಯನ್ನು ಕೆನ್ನೆಗೆ ಉಜ್ಜಿ ನೋಡುವಂತಾಯಿತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, “ಸದ್ಯಕ್ಕೆ ಏನೂ ಕಾಣ್ತಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ” ಎಂದರು.

“ಮತ್ತೆ ಬರ್ಬೇಕಾ? ನನ್ನ ಅಂಗಡಿ ಬೋರ್ಡು ಏನು ಹೇಳುತ್ತೆ ಗೊತ್ತಾ?”

“ಬರ್ತಾರಮ್ಮ,” ಎಂದಳು ಹೆಂಡತಿ. “ವಾಪಸ್ ಬರಬಾರದ್ದು ಆ ಗಡ್ಡೆ, ಇವರಲ್ಲ.”

ಮರುದಿನ ಟೇಪಣ್ಣ ಸ್ಟೂಲು ಹತ್ತಿ ಬೋರ್ಡಿನಿಂದ ಕೊನೆಯ ಪದವನ್ನು ಅಳಿಸಿ, ಆ ಜಾಗದಲ್ಲಿ ‘ಬಂದರೆ ನೋಡೋಣ’ ಎಂದು ಬರೆದ. ಜೋಮು ಹಿಡಿದ ಬೆರಳು, ಅಕ್ಷರಗಳು ಸೊಟ್ಟಗಿದ್ದವು. ಸ್ಟೂಲು ಹಿಡಿದು ನಿಂತಿದ್ದ ಹೆಂಡತಿ, “ಯಾರಿದು, ಗೋಣಿಚೀಲದ ಮೇಲೆ ಬರೆಯೋರಾ?” ಎಂದಳು.