ಖಾಲಿ ಹೊಟ್ಟೆಯ ಕಾರು

ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ಜಪಾನಿನಿಂದ ಬಂದ ಹಳೇ ಟರ್ಬೊ ವ್ಯಾಗನ್ ಕಾರೊಂದು ಮಾರಾಟಕ್ಕಿತ್ತು. ಕ್ಲಿನಿಕ್‌ನಲ್ಲಿ ಪೇಷೆಂಟ್ ನೋಡೋದು ಮುಗಿಸಿ ಓಡಿದೆ. ಬಾನೆಟ್ ಮುಟ್ಟಿದರೆ ಬಿಸಿ! ಇಂಜಿನ್ ಮೊದಲೇ ಬಿಸಿಯಾಗಿದ್ದರೆ ಅದರ ಕಾಯಿಲೆ ಗೊತ್ತಾಗಲ್ಲ, ಜ್ವರದ ಮಾತ್ರೆ ನುಂಗಿ ಬಂದ ಪೇಷೆಂಟ್ ಥರ.

“ನೀವು ಬರ್ತೀರಲ್ಲ ಅಂತ ಪೆಟ್ರೋಲ್ ತುಂಬಿಸ್ಕೊಂಡು ಬಂದೆ,” ಅಂದರು ಮಾರುವ ಮುದುಕರು. ನಾನು ನಂಬಲಿಲ್ಲ.

“ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲೀವರೆಗೂ ಸ್ಟಾರ್ಟ್ ಮಾಡ್ಬೇಡಿ. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೇಲಿ ಬರ್ತಾರಲ್ಲ, ಹಾಗೆ.”

ಮರುದಿನ ಹೋದರೆ ಸ್ಟೀರಿಂಗ್ ಮೇಲೆ ದಪ್ಪ ಅಕ್ಷರದ ಚೀಟಿ: ‘ಫಾಸ್ಟಿಂಗ್. ಮುಟ್ಟಬೇಡಿ.’ ಮನೇಲಿ ಹಾಲು ಮುಗಿದು, ಪಾಪ, ಅವರ ಹೆಂಡತಿ ಅಂಗಡಿಗೆ ನಡೆದೇ ಹೋಗಿದ್ದರಂತೆ. ಬಾನೆಟ್ ತಣ್ಣಗಿತ್ತು. ಕೀ ತಿರುಗಿಸಿದೆ. ಹೊಗೆಯಿಲ್ಲ, ಕಟಕಟ ಸದ್ದಿಲ್ಲ, ಒಂದೇ ಸಲಕ್ಕೆ ಸ್ಟಾರ್ಟ್. ಅಲ್ಲೇ ಕೈ ಕುಲುಕಿಬಿಟ್ಟೆ.

ಸೋಮವಾರ ಅದೇ ಕಾರಲ್ಲಿ ಖುಷಿಯಾಗಿ ಕ್ಲಿನಿಕ್‌ಗೆ ಹೋದೆ. ಶುಗರ್ ಟೆಸ್ಟಿಗೆ ಅಂತ ನಮ್ಮ ಮೈಸೂರಿನ ಅಂಕಲ್ ಒಬ್ಬರು ಕೂತಿದ್ದರು.

“ಏನೂ ತಗೊಂಡಿಲ್ಲ ತಾನೇ ಅಂಕಲ್?”

“ಛೇ, ಏನೂ ಇಲ್ಲ ಡಾಕ್ಟ್ರೇ. ಒಂದೇ ಒಂದು ಲೋಟ ಕಾಫಿ, ಅದೂ ಸಕ್ಕರೆ ಕಮ್ಮಿ.”

ಇವರ ಮನೆಯ ಕಾಫಿ ಫಿಲ್ಟರಿಗೂ ಒಂದು ಚೀಟಿ ಅಂಟಿಸಬೇಕಿತ್ತು.